ಫೋಮ್ ಗ್ಲೈಡರ್ ತಯಾರಿಕೆ: ಮನೆಯಿಂದ ಶೆಡ್ಡಿಗೆ ಹೋಗಲೇ? ಅನುಭವಸ್ಥರು ಹೇಳಿ

ಕಾರವಾರದಿಂದ (ಪ್ರಶ್ನೆ):
ಎಲ್ಲರಿಗೂ ನಮಸ್ಕಾರ. ಮೂರು ವರ್ಷಗಳಿಂದ ಮನೆಯ ಹಿಂದಿನ ಜಗಲಿಯಲ್ಲಿ ರೇಡಿಯೊ ನಿಯಂತ್ರಿತ ಫೋಮ್ ಗ್ಲೈಡರ್ ಮಾಡಿ ಮಾರುತ್ತಿದ್ದೇನೆ. ಬಾಲವಿಲ್ಲದ ಮಾದರಿ, 1.2 ಮೀಟರ್ ರೆಕ್ಕೆ, ಗುಡ್ಡದ ಅಂಚಿನ ಗಾಳಿಗೆ ಹಾರುವಂಥದ್ದು. ತಿಂಗಳಿಗೆ ಎಂಟು ಹತ್ತು ಹೋಗುತ್ತವೆ, ಹೆಚ್ಚಿನವು ಪುಣೆ ಮತ್ತು ಬೆಂಗಳೂರಿಗೆ. ಈಗ ಇಪ್ಪತ್ತೈದು ಜನ ಕಾಯುತ್ತಿದ್ದಾರೆ. ಊರ ಹೊರಗೆ ಒಂದು ಶೆಡ್ ತಿಂಗಳಿಗೆ 7,000 ರೂಪಾಯಿ ಬಾಡಿಗೆಗೆ ಸಿಗುತ್ತಿದೆ. ಸಾಲ ಮಾಡಿ ಫೋಮ್ ಕತ್ತರಿಸುವ ಕಂಪ್ಯೂಟರ್ ಚಾಲಿತ ಬಿಸಿತಂತಿ ಯಂತ್ರ ತರಲೇ, ಬಿಸಿತಂತಿ ಕಟ್ಟಿದ ಕೈಬಿಲ್ಲಿನಲ್ಲೇ ಮುಂದುವರಿಯಲೇ? ಬ್ಯಾಂಕಿಗೆ ಈ ತಿಂಗಳ ಕೊನೆಯೊಳಗೆ ಹೇಳಬೇಕು.

ಶಿರಸಿಯಿಂದ:
ನಾನು ಯಂತ್ರ ತಂದವನು. 2022ರಲ್ಲಿ ಮುದ್ರಾ ಸಾಲ, ಕಿಶೋರ್ ವರ್ಗದಲ್ಲಿ 4,80,000 ರೂಪಾಯಿ, ಶೇಕಡಾ 11 ಬಡ್ಡಿ, ಐದು ವರ್ಷ. ಕಂತು 10,436. ಈ ಸಂಖ್ಯೆಯನ್ನು ನಡುರಾತ್ರಿ ಎಬ್ಬಿಸಿ ಕೇಳಿದರೂ ಹೇಳುತ್ತೇನೆ. ಯಂತ್ರಕ್ಕೆ 2,35,000, ಶೆಡ್ಡಿನ ಮುಂಗಡ 40,000, ವಿದ್ಯುತ್ ಸಂಪರ್ಕ, ಮೇಜು, ಕಪಾಟು ಸೇರಿ 52,000. ಉಳಿದದ್ದು ಫೋಮ್ ಮತ್ತು ಸರ್ವೋಗಳಿಗೆ (ರೆಕ್ಕೆಯ ಹಿಂಬದಿಯ ಪಟ್ಟಿ ತಿರುಗಿಸುವ ಪುಟ್ಟ ಮೋಟಾರು).

ಫೋಮ್ ವಿಷಯ ಕೇಳಿ. 1200×600×100 ಮಿಲಿಮೀಟರಿನ ಇಪಿಪಿ (ಬಾಗಿದರೂ ಮೊದಲಿನಂತಾಗುವ ಫೋಮ್) ದಿಮ್ಮಿ, ಲೀಟರಿಗೆ 20 ಗ್ರಾಂ ಸಾಂದ್ರತೆಯದ್ದು, ಒಂದೂವರೆ ಕಿಲೋ ಕೂಡ ತೂಗುವುದಿಲ್ಲ. ನಲವತ್ತು ದಿಮ್ಮಿ ತರಿಸಿದೆ. ಒಟ್ಟು ತೂಕ 58 ಕಿಲೋದ ಒಳಗೆ, ಹಿಡಿದ ಜಾಗ ಮಾತ್ರ ಹತ್ತಿರಹತ್ತಿರ 2.9 ಘನ ಮೀಟರ್. ಲಾರಿಯವರು ಜಾಗದ ಲೆಕ್ಕದಲ್ಲಿ 9,800 ತೆಗೆದುಕೊಂಡರು. ಬೆಂಗಳೂರಿನ ಗಾಳಿಯನ್ನು ಬಾಡಿಗೆ ಕೊಟ್ಟು ಶಿರಸಿಗೆ ತಂದೆ. ಅದನ್ನು ಇಡಲು ಶೆಡ್ಡಿನ ಅರ್ಧ ಹೋಯಿತು.

ಆಮೇಲೆ ಕರೆಂಟು. ಸುತ್ತಲಿನ ತೋಟಗಳ ಪಂಪ್‌ಸೆಟ್ ಶುರುವಾದ ಕೂಡಲೇ ವೋಲ್ಟೇಜ್ 230ರಿಂದ 170ಕ್ಕೆ ಕುಸಿಯುತ್ತಿತ್ತು. ತಂತಿ ತಣಿಯುತ್ತದೆ. ಯಂತ್ರಕ್ಕೆ ಅದರ ಅರಿವಿಲ್ಲ, ಅದೇ ವೇಗದಲ್ಲಿ ಎಳೆಯುತ್ತದೆ. ತಂತಿಯ ಎರಡು ತುದಿಗಳು ಮುಂದೆ ಹೋಗುತ್ತವೆ, ನಡು ಹಿಂದೆ ಉಳಿಯುತ್ತದೆ, ರೆಕ್ಕೆಯ ಮುಂದಿನ ಅಂಚು ನಡುವಿನಲ್ಲಿ ತೆಳ್ಳಗಾಗಿಬಿಡುತ್ತದೆ. 22 ಜೊತೆ ರೆಕ್ಕೆ ಹಾಳಾದವು. ಯಂತ್ರ ಮಾಡಿಕೊಟ್ಟವರಿಗೆ ಎಂಟು ತಿಂಗಳು ಫೋನ್ ಮಾಡಿದೆ. ಪ್ರತಿ ಸಲವೂ ವೇಗ ಇಳಿಸಿ ನೋಡಿ ಎಂಬ ಒಂದೇ ಉತ್ತರ. ಕೊನೆಗೆ ನಮ್ಮೂರಿನ ರೇಡಿಯೊ ರಿಪೇರಿ ಮಾಡುವ ಹಿರಿಯರೊಬ್ಬರು ಬಂದು ಒಳಗಿದ್ದ ಡಿಮ್ಮರ್ ಮತ್ತು ಟ್ರಾನ್ಸ್‌ಫಾರ್ಮರ್ ಕಿತ್ತು, ಸ್ಥಿರ ಕರೆಂಟು ಕೊಡುವ ಸಪ್ಲೈ ಹಾಕಿದರು. ಖರ್ಚು 3,200. ಎಂಟು ತಿಂಗಳ ನಷ್ಟಕ್ಕೆ ಮದ್ದು ಅಷ್ಟೇ ಆಗಿತ್ತು.

ಈಗ ಯಂತ್ರ ದಿನಕ್ಕೆ ಹನ್ನೆರಡು ಜೊತೆ ಕತ್ತರಿಸುತ್ತದೆ. ಆದರೆ ಕತ್ತರಿಸುವುದು ಒಂದು ಗ್ಲೈಡರಿಗೆ 25 ನಿಮಿಷದ ಕೆಲಸ. ಕಾರ್ಬನ್ ಕಡ್ಡಿಗೆ ಸೀಳು ತೆಗೆಯುವುದು, ಅಂಟಿಸುವುದು, ಟೇಪ್ ಸುತ್ತುವುದು, ಹಿಂಜು ಹಚ್ಚುವುದು, ಗುರುತ್ವ ಕೇಂದ್ರ ನೋಡುವುದು, ಇದಕ್ಕೆ ಐದು ಗಂಟೆ. ಅದನ್ನು ಯಾವ ಯಂತ್ರವೂ ಮಾಡುವುದಿಲ್ಲ. ಕಳೆದ ನವೆಂಬರ್‌ನಿಂದ ಫೆಬ್ರುವರಿಯವರೆಗೆ 61 ಮಾರಿದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮೂರು. ಕಂತು ಮಾತ್ರ ಹನ್ನೆರಡೂ ತಿಂಗಳು.

ಕುಮಟಾದಿಂದ:
ಕೈಕೆಲಸ ಎಂದರೆ ಎರಡನೆಯ ದರ್ಜೆ ಎಂಬ ಧಾಟಿಯಲ್ಲಿ ಮಾತಾಡುವುದನ್ನು ನಾನು ಒಪ್ಪುವುದಿಲ್ಲ. ಏಳು ವರ್ಷಗಳಿಂದ ನಾನು ಮತ್ತು ನನ್ನ ಅತ್ತೆ ಬಿಲ್ಲಿನಲ್ಲೇ ಕೊಯ್ಯುತ್ತಿದ್ದೇವೆ. ರೆಕ್ಕೆಯ ಅಡ್ಡಛೇದದ ಆಕಾರದ ಸನ್‌ಮೈಕಾ ಅಚ್ಚು ಎರಡೂ ತುದಿಗೆ, ಎರಡರ ಮೇಲೂ 1ರಿಂದ 20ರವರೆಗೆ ಗೆರೆ. ಬುಡದ ಅಚ್ಚು ದೊಡ್ಡದು, ತುದಿಯದು ಚಿಕ್ಕದು. ಇಬ್ಬರ ಕೈಯೂ ಒಂದೇ ಅಂಕೆಯನ್ನು ಒಂದೇ ಕ್ಷಣಕ್ಕೆ ಮುಟ್ಟಬೇಕು. ಎಣಿಸುವವರು ಅತ್ತೆ. ಒಮ್ಮೆ ಹೊರಗಿನಿಂದ ಯಾರೋ ಕೂಗಿದರೆಂದು ಅವರು ಹನ್ನೊಂದರ ಬಳಿ ತಡೆದರು. ಅಷ್ಟರಲ್ಲಿ ತಂತಿ ಅಲ್ಲೇ ಕರಗಿಸಿ ಬೆರಳು ಇಳಿಯುವಷ್ಟು ಗುಳಿ ಮಾಡಿತ್ತು. ಆವತ್ತಿನಿಂದ ಹೊಗೆ ಹೋಗಲೆಂದು ಕಿಟಕಿಗಳನ್ನೆಲ್ಲ ತೆರೆದು, ಬಾಗಿಲು ಹಾಕಿಕೊಂಡೇ ಕೊಯ್ಯುವುದು.

ರೆಕ್ಕೆ ಕಟ್ಟಿ, ಟೇಪ್ ಸುತ್ತಿ ಕೊಡುತ್ತೇವೆ. ಸರ್ವೋ, ಬ್ಯಾಟರಿ ಕೊಂಡವರದ್ದು. ಬೆಲೆ 2,800, ಸಾಗಣೆ ಬೇರೆ. ಫೋಮ್ 410, ಕಾರ್ಬನ್ 360, ಟೇಪ್ ಮತ್ತು ಅಂಟು 190, ಪೆಟ್ಟಿಗೆ 85. ಒಟ್ಟು 1,045. ತಿಂಗಳಿಗೆ ಹನ್ನೆರಡು, ಹದಿಮೂರನೆಯದನ್ನು ಒಪ್ಪಿಕೊಳ್ಳುವುದಿಲ್ಲ. ಕೈಗೆ 21,060 ಉಳಿಯುತ್ತದೆ, ಯಾರ ಸಾಲವೂ ಇಲ್ಲ.

ಶಿರಸಿಯಿಂದ:
ಎರಡನೆಯ ದರ್ಜೆ ಎಂದು ನಾನು ಎಲ್ಲಿ ಬರೆದೆ ತೋರಿಸಿ ಅಕ್ಕ. ನಿಮ್ಮ 21,060ರಲ್ಲಿ ಅತ್ತೆಯವರ ಕೂಲಿ ಎಲ್ಲಿದೆ? ಹೊರರಾಜ್ಯಕ್ಕೆ ಸರಕು ಕಳಿಸುವವರು ವಹಿವಾಟು 40 ಲಕ್ಷ ಮುಟ್ಟದಿದ್ದರೂ ಜಿಎಸ್‌ಟಿ ನೋಂದಣಿ ಮಾಡಿಸಲೇಬೇಕು. ಆ ಲೆಕ್ಕ ಬರೆಯಿಸುವ ಖರ್ಚು ಎಲ್ಲಿದೆ? ಕೇಳುತ್ತಿರುವವರು ಎಳೆಯರು, ಅರ್ಧ ಲೆಕ್ಕ ನಂಬಿ ಕೆಡಬಾರದು.

ಕುಮಟಾದಿಂದ:
ನೋಂದಣಿ ಇದೆ, ತೆರಿಗೆಯೂ ಕಟ್ಟುತ್ತೇನೆ, ಲೆಕ್ಕ ನಾನೇ ಬರೆಯುತ್ತೇನೆ. ಅತ್ತೆಯ ಹೆಸರಿನಲ್ಲಿ ಪ್ರತಿ ತಿಂಗಳು ಬ್ಯಾಂಕಿಗೆ ಏನು ಹೋಗುತ್ತದೆ ಎನ್ನುವುದು ನಮ್ಮ ಮನೆಯ ಮಾತು. ನಿಮ್ಮ ಯಂತ್ರದ ಸಿಟ್ಟನ್ನು ನಮ್ಮ ಮೇಲೆ ತೀರಿಸಬೇಡಿ.

ಹೊನ್ನಾವರದಿಂದ:
ಯಂತ್ರ, ಬಿಲ್ಲು ಎಂದು ಇಬ್ಬರೂ ಜಗಳವಾಡುತ್ತಿದ್ದೀರಿ. ನನ್ನನ್ನು ಮುಳುಗಿಸಿದ್ದು ಪೆಟ್ಟಿಗೆ. ಕೊರಿಯರ್‌ನವರು ಉದ್ದ, ಅಗಲ, ಎತ್ತರ ಗುಣಿಸಿ 5000ದಿಂದ ಭಾಗಿಸುತ್ತಾರೆ. ಅಖಂಡ ರೆಕ್ಕೆಯ ಪೆಟ್ಟಿಗೆ 125×40×10 ಸೆಂಟಿಮೀಟರ್. ಅಂದರೆ 10 ಕಿಲೋ. ಒಳಗಿದ್ದ ಗ್ಲೈಡರ್ 520 ಗ್ರಾಂ! ಪುಣೆಗೆ 1,150 ರೂಪಾಯಿ. ಆ ದರ ಕೇಳಿ ಮೊದಲ ವರ್ಷವೇ 31 ಜನ ಬೇಡವೆಂದರು, ಪಟ್ಟಿ ಇಟ್ಟಿದ್ದೇನೆ. ಆಮೇಲೆ ರೆಕ್ಕೆಯನ್ನು ನಡುವೆ ಎರಡು ಮಾಡಿ, 8 ಮಿಲಿಮೀಟರ್ ಕಾರ್ಬನ್ ಕೊಳವೆಯಿಂದ ಜೋಡಿಸುವ ಹಾಗೆ ಮಾಡಿದೆ. ತೂಕ 18 ಗ್ರಾಂ ಹೆಚ್ಚಾಯಿತು. ಪೆಟ್ಟಿಗೆ 65×30×12ಕ್ಕೆ ಇಳಿಯಿತು. ಲೆಕ್ಕದ ತೂಕ 4.68 ಕಿಲೋ, ಸಾಗಣೆ 540. ವಹಿವಾಟು ಬೆಳೆದದ್ದು ಅದರ ನಂತರವೇ. ಬ್ಯಾಟರಿ ಜೊತೆಗೆ ಹಾಕುವುದನ್ನೂ ಬಿಟ್ಟೆ; ಲಿಥಿಯಂ ಇದ್ದರೆ ವಿಮಾನಕ್ಕೆ ಹತ್ತಿಸಲು ನೂರೆಂಟು ಷರತ್ತು.

ಕುಮಟಾದಿಂದ:
ಎರಡು ತುಂಡಿನ ರೆಕ್ಕೆ ಗುಡ್ಡದ ಮೇಲೆ ಬಾಳುವುದಿಲ್ಲ. ಇಳಿಯುವಾಗ ಒಂದು ತುದಿ ಕಲ್ಲಿಗೆ ತಾಗಿ ಗಿರ್ರನೆ ತಿರುಗಿದರೆ ಹೊಡೆತವೆಲ್ಲ ಆ ಕೊಳವೆಯ ಬಾಯಿಗೆ ಬೀಳುತ್ತದೆ, ಫೋಮ್ ಬುಡದಿಂದ ಸೀಳುತ್ತದೆ. ಸಾಗಣೆ ಉಳಿಸಲು ಗ್ಲೈಡರ್ ಹಾಳು ಮಾಡುವುದು ನನ್ನ ಕೈಯಲ್ಲಿ ಆಗುವುದಿಲ್ಲ.

ಹೊನ್ನಾವರದಿಂದ:
140 ಮಾರಿದ್ದೇನೆ, ಬುಡ ಸೀಳಿ ಹಿಂದಕ್ಕೆ ಬಂದದ್ದು ಮೂರು. ಹೇಳಬಾರದೆಂದಿದ್ದೆ, ಈಗ ಹೇಳುತ್ತೇನೆ: 2021ರಲ್ಲಿ ನಿಮ್ಮ ಅಖಂಡ ರೆಕ್ಕೆಯನ್ನು ನಾನೇ ಕೊಂಡಿದ್ದೆ. ಪೆಟ್ಟಿಗೆ ನಡುವೆ ಮಡಚಿ ಬಂತು. ಫೋಮ್ ಮೊದಲಿನಂತೆ ಎದ್ದು ನಿಂತಿತು, ಹೊರಗೆ ಒಂದು ಗೀರೂ ಕಾಣಲಿಲ್ಲ. ಎರಡನೆಯ ಹಾರಾಟದಲ್ಲಿ ರೆಕ್ಕೆ ಚಪ್ಪಾಳೆ ತಟ್ಟಿದಂತೆ ಮಡಚಿತು. ಒಳಗಿನ ಕಡ್ಡಿ ಬರುವಾಗಲೇ ಮುರಿದಿತ್ತು. ಫೋನ್ ಮಾಡಿದಾಗ ಹಾರಿಸಲು ಬಾರದೆ ಮುರಿದಿರಿ ಎಂದಿರಿ. ಆ ಮಾತನ್ನು ನಾನು ಮರೆತಿಲ್ಲ.

ಅಂಕೋಲಾದಿಂದ:
ಮಳೆಯ ಬಗ್ಗೆ ಯಾರೂ ಬರೆಯಲಿಲ್ಲವಲ್ಲ. ಕರಾವಳಿಯಲ್ಲಿ ಕುಳಿತು ಶೆಡ್ ಹಿಡಿಯುವವರು ಮೊದಲು ಅದನ್ನೇ ಯೋಚಿಸಬೇಕು. ತಗಡಿನ ಶೆಡ್ಡಿನಲ್ಲಿ ಜೂನ್ ಎರಡನೆಯ ವಾರಕ್ಕೆ ರಟ್ಟಿನ ಪೆಟ್ಟಿಗೆಗಳು ನೆನೆದ ಹಪ್ಪಳದ ಹಾಗೆ ಆಗುತ್ತವೆ. ಸಯನೋ ಅಂಟು (ಕ್ಷಣದಲ್ಲಿ ಹಿಡಿಯುವ ಸೂಪರ್ ಗ್ಲೂ) ಗಟ್ಟಿಯಾಗುವುದೇ ತೇವದಿಂದ. ಮುಚ್ಚಳ ತೆರೆದ ಬಾಟಲಿ ನಾಲ್ಕು ದಿನಕ್ಕೆ ಕಲ್ಲು. ಒಂದೇ ಮಳೆಗಾಲದಲ್ಲಿ 17 ಬಾಟಲಿ ಎಸೆದೆ. ಈಗ ಉಪ್ಪಿನಕಾಯಿ ಭರಣಿಯಲ್ಲಿ ಸಿಲಿಕಾ ಪೊಟ್ಟಣ ಹಾಕಿ, ಬಾಯಿ ಬಿಗಿದು ಇಡುತ್ತೇನೆ. ಹಚ್ಚಿ ಒಣಗಿಸುವ ಅಂಟಿನ ಮೇಲೆ ಬೆಳ್ಳನೆಯ ಪೊರೆ ಕಟ್ಟಿದರೆ ಆ ದಿನ ಅಂಟಿಸಬೇಡಿ, ತಿಂಗಳೊಳಗೆ ಬಿಡುತ್ತದೆ. ಸರ್ವೋ ತುದಿಯ ಪಿನ್ನುಗಳು ಉಪ್ಪುಗಾಳಿಗೆ ಹಸಿರಾಗುತ್ತವೆ.

2024ರ ಜುಲೈ 16ರಂದು ಶಿರೂರಿನಲ್ಲಿ ಗುಡ್ಡ ಕುಸಿದಾಗ ಒಂಬತ್ತು ಪೆಟ್ಟಿಗೆ ದಾರಿಯಲ್ಲಿದ್ದವು. ಹೆದ್ದಾರಿ 66 ಬಂದ್. ಜೀವ ಹೋದ ಮನೆಗಳ ಎದುರು ನನ್ನ ನಷ್ಟ ಲೆಕ್ಕಕ್ಕಿಲ್ಲ, ಅದಕ್ಕೆ ಯಾರ ಹತ್ತಿರವೂ ಅದರ ಬಗ್ಗೆ ಮಾತಾಡಿರಲಿಲ್ಲ. ಒಂಬತ್ತರಲ್ಲಿ ಆರು ಜನರಿಗೆ ಹಣ ಹಿಂದಿರುಗಿಸಿದೆ. ಮರುತಿಂಗಳು, ಆಗಸ್ಟ್ 7ರಂದು, ಕಾರವಾರದಲ್ಲಿ ಕಾಳಿ ನದಿಯ ಹಳೆಯ ಸೇತುವೆ ಬಿತ್ತು. ಆ ವರ್ಷದಿಂದ ಮಳೆಗಾಲದಲ್ಲಿ ಮುಂಗಡ ತೆಗೆದುಕೊಳ್ಳುವುದಿಲ್ಲ.

ಇನ್ನೊಂದು: ಕಡಲ ತೀರದಲ್ಲಿ ಸಂಜೆ ಹಾರಿಸಿ ತೋರಿಸಿದರೆ ಪ್ರವಾಸಿಗರಲ್ಲೇ ಗಿರಾಕಿ ಸಿಗುತ್ತಾರೆ. ನನಗೆ ಹಾಗೆ ಹದಿನೈದು ಜನ ಸಿಕ್ಕಿದ್ದಾರೆ.

ಹೊನ್ನಾವರದಿಂದ:
ಕಾರವಾರದವರಿಗೆ ಈ ಸಲಹೆ ಕೊಡಬೇಡಿ! ಆ ತಾಲ್ಲೂಕಿನಲ್ಲಿ ಕದಂಬ ನೌಕಾನೆಲೆ ಇದೆ, ಕೈಗಾ ಅಣು ವಿದ್ಯುತ್ ಸ್ಥಾವರ ಇದೆ. 2021ರ ಡ್ರೋನ್ ನಿಯಮಗಳು ಮನರಂಜನೆಗೆ ಕಣ್ಣಳತೆಯಲ್ಲಿ ಹಾರಿಸುವ ಮಾದರಿಗಳನ್ನೂ ಹೆಸರಿಸಿವೆ. ಅವಕ್ಕೆ ಟೈಪ್ ಸರ್ಟಿಫಿಕೇಟ್ (ಆ ಮಾದರಿಗೆ ಸರ್ಕಾರ ಕೊಡುವ ಪ್ರಮಾಣಪತ್ರ) ಬೇಡ, ನಿಜ. ಆದರೆ ಕೆಂಪು ವಲಯದಲ್ಲಿ ಕೇಂದ್ರದ ಅನುಮತಿ ಇಲ್ಲದೆ ಹಾರಿಸುವ ಹಾಗಿಲ್ಲ. ಈ ವಲಯಗಳನ್ನು ತೋರಿಸುವ ಸರ್ಕಾರದ ಡಿಜಿಟಲ್ ಸ್ಕೈ ನಕ್ಷೆ ನೋಡದೆ ಆ ಹುಡುಗ ಗ್ಲೈಡರ್ ಎತ್ತಿದರೆ ಠಾಣೆಗೆ ಹೋಗುವವನು ಅವನು, ನೀವಲ್ಲ.

ಅಂಕೋಲಾದಿಂದ:
ನಾನು ಅಂಕೋಲಾದ ಮಾತು ಹೇಳಿದೆ, ನಕ್ಷೆ ನೋಡಿಯೇ ಹಾರಿಸುತ್ತೇನೆ. ಬೆದರಿಸುವುದು ಬೇಡ.

ಯಲ್ಲಾಪುರದಿಂದ:
ನಾನು ಬೇರೆ ದಾರಿ ಹಿಡಿದೆ. ರೇಡಿಯೊ ಬಿಟ್ಟು, ಕೈಯಿಂದ ಎಸೆಯುವ ಚಿಕ್ಕ ಗ್ಲೈಡರ್ ಮಾಡಿ ಶಾಲೆಗಳಿಗೆ ಕೊಡೋಣ ಎಂದು 400 ಜೊತೆ ಕತ್ತರಿಸಿಟ್ಟೆ. ಅಗ್ಗವೆಂದು ಥರ್ಮೋಕೋಲ್ ತೆಗೆದುಕೊಂಡೆ. ಇಪಿಪಿಗೆ ಹಾಕುವ ಸಯನೋ ಅಂಟನ್ನೇ ಹಾಕಿದರೆ ಅದು ಥರ್ಮೋಕೋಲನ್ನು ತಿಂದು ತೂತು ಮಾಡಿತು. ಅಂಟು ಬದಲಿಸಿದೆ. ಆಮೇಲೆ ತಿಳಿಯಿತು, 14 ವರ್ಷದೊಳಗಿನ ಮಕ್ಕಳ ಆಟಿಕೆಗೆ 2021ರ ಜನವರಿ 1ರಿಂದ ಐಎಸ್‌ಐ ಗುರುತು ಕಡ್ಡಾಯ. 400 ಜೊತೆ ಇನ್ನೂ ಅಟ್ಟದ ಮೇಲಿವೆ. ಇಲಿಗಳು ಅರ್ಧದಷ್ಟನ್ನು ಪುಡಿ ಮಾಡಿವೆ.

ಕಾರವಾರದಿಂದ:
ಎಲ್ಲರಿಗೂ ಕೃತಜ್ಞತೆಗಳು. ಶೆಡ್ಡಿನ ಯಜಮಾನರನ್ನು ಮಳೆಗಾಲದ ನಾಲ್ಕು ತಿಂಗಳು ಬಾಡಿಗೆ ಬಿಡಿ ಎಂದು ಇವತ್ತು ಕೇಳಿದೆ, ಒಪ್ಪಲಿಲ್ಲ. ಹಾರಿಸುವುದು ತಾಲ್ಲೂಕಿನ ಹೊರಗೆ, ನಕ್ಷೆ ನೋಡಿಯೇ. ಯಂತ್ರವಿಲ್ಲದೆ, ಅಂಟಿಸುವುದಕ್ಕೆ ಇಬ್ಬರನ್ನು ಕೂಲಿಗೆ ಇಟ್ಟುಕೊಂಡರೆ ಹೇಗೆ?

ಶಿರಸಿಯಿಂದ:
ನಾನು ಮತ್ತೆ ಶುರು ಮಾಡುವುದಾದರೆ ಹಾಗೇ ಮಾಡುತ್ತಿದ್ದೆ ತಮ್ಮ. ಆದರೂ ಸಾಲ ಮಾಡುವುದಾದರೆ ಕಂತನ್ನು ಎಂಟು ತಿಂಗಳ ಕಂತೆಂದೇ ನೋಡು. ನನ್ನ 10,436 ನಿಜವಾಗಿ 15,654. ವ್ಯಾಪಾರವಿರುವ ತಿಂಗಳಲ್ಲಿ ಅಷ್ಟು ತೆಗೆದಿಟ್ಟು, ಉಳಿದದ್ದರಲ್ಲಿ ಇಬ್ಬರ ಕೂಲಿ ಹೊರಡುತ್ತದೆಯೇ ನೋಡಿಕೊ. ರೆಕ್ಕೆ ಬೇಕಿದ್ದರೆ ನಾನು ಕತ್ತರಿಸಿ ಕೊಡುತ್ತೇನೆ, ಒಂದು ಜೊತೆಗೆ 300 ರೂಪಾಯಿ, ಫೋಮ್ ನಿನ್ನದು.

ಕುಮಟಾದಿಂದ:
ಯಂತ್ರದ ರೆಕ್ಕೆ ತರಿಸಿದರೆ ಎಡಬಲ ತೂಗಿ ನೋಡಿ ತಮ್ಮ. ನಾಲ್ಕು ಗ್ರಾಂ ವ್ಯತ್ಯಾಸವಿದ್ದರೂ ಹಿಂದಕ್ಕೆ ಕಳಿಸಿ. ಹೊನ್ನಾವರದವರೇ, ಆ ಮುರಿದ ರೆಕ್ಕೆ ಇನ್ನೂ ನಿಮ್ಮಲ್ಲಿದ್ದರೆ ಕಡ್ಡಿ ಮುರಿದ ಜಾಗದ ಚಿತ್ರ ಹಾಕಿ. ಹಾರಾಟದಲ್ಲಿ ಮುರಿದದ್ದೋ ಪೆಟ್ಟಿಗೆಯಲ್ಲಿ ಮುರಿದದ್ದೋ ನನಗೆ ನೋಡಿದರೆ ತಿಳಿಯುತ್ತದೆ.

ಹೊನ್ನಾವರದಿಂದ:
ಇದೆ. ನಾಳೆ ಬೆಳಕಿನಲ್ಲಿ ತೆಗೆದು ಹಾಕುತ್ತೇನೆ. ಪೆಟ್ಟಿಗೆಯನ್ನೂ ಎಸೆದಿಲ್ಲ.