ಅಪ್‌ಡೇಟ್: ಮೊದಲ ಕಿವಿರು ಕಮಾನಿನ ನರ ಯಾವುದು?

ಮೂಳೆಮೀನಿನ ಮೊದಲ ಕಿವಿರು ಕಮಾನಿಗೆ (ಕಿವಿರಿನ ಎಳೆಗಳನ್ನು ಹೊತ್ತಿರುವ ಬಾಗಿದ ಮೂಳೆಗೆ) ಒಂಬತ್ತನೆಯ ಕಪಾಲ ನರವಾದ, ಅಂದರೆ ಮೆದುಳಿನಿಂದಲೇ ಹೊರಡುವ ನರಗಳಲ್ಲಿ ಒಂಬತ್ತನೆಯದಾದ, ಗ್ಲಾಸೊಫ್ಯಾರಿಂಜಿಯಲ್ ಬರುತ್ತದೆಯೋ, ಹತ್ತನೆಯದಾದ ವೇಗಸ್ ಬರುತ್ತದೆಯೋ ಎಂದು ಕೇಳಿದ್ದೆ. ಎರಡೂ ಬರುತ್ತವೆ, ನನ್ನ ಪ್ರಶ್ನೆಯೇ ತಪ್ಪಾಗಿತ್ತು. ಈ ನರಗಳನ್ನು ಕಮಾನುಗಳ ಲೆಕ್ಕದಲ್ಲಲ್ಲ, ಕಮಾನುಗಳ ನಡುವಿನ ಸೀಳುಗಳ ಲೆಕ್ಕದಲ್ಲಿ ಎಣಿಸಬೇಕು. ಪ್ರತಿಯೊಂದು ನರವೂ ಸೀಳಿನ ಮೇಲ್ತುದಿಯಲ್ಲಿ ಕವಲೊಡೆದು, ಸಂವೇದನೆಯ ಸಣ್ಣ ಕವಲೊಂದನ್ನು ಮುಂದಿನ ಅಂಚಿಗೂ, ಸ್ನಾಯುಗಳನ್ನೂ ನಡೆಸುವ ದಪ್ಪ ಕವಲನ್ನು ಹಿಂದಿನ ಅಂಚಿಗೂ ಕಳುಹಿಸುತ್ತದೆ. ಮೊದಲ ಕಮಾನು ಇರುವುದು ಒಂಬತ್ತನೆಯ ನರದ ಸೀಳಿಗೂ ವೇಗಸ್‌ನ ಮೊದಲ ಶಾಖೆಯ ಸೀಳಿಗೂ ನಡುವೆ; ಹೀಗಾಗಿ ಅದಕ್ಕೆ ಒಂಬತ್ತನೆಯ ನರದ ಹಿಂಗವಲು ಮತ್ತು ವೇಗಸ್‌ನ ಮೊದಲ ಶಾಖೆಯ ಮುಂಗವಲು ಎರಡೂ ದೊರೆಯುತ್ತವೆ. ಅದರ ಹಿಂದಿನ ಕಮಾನುಗಳೆಲ್ಲ ವೇಗಸ್‌ನ ಪಾಲು.

ಕಾರ್ಪ್ ಮೀನಿನ ಕಮಾನೊಂದನ್ನು ಬಿಡಿಸಿ ಭೂತಗನ್ನಡಿಯಲ್ಲಿ ನೋಡಿದಾಗ, ಎಳೆಗಳ ಬುಡದಲ್ಲಿ ರಕ್ತನಾಳದ ಪಕ್ಕದಲ್ಲೇ ಸಾಗುವ ಬಿಳಿಯ ನೂಲಿನಂಥ ನರ ಕಂಡಿತು. (ಮೊದಲ ಪ್ರಯತ್ನದಲ್ಲಿ ಅದನ್ನು ಪೊರೆಯೆಂದು ಕಿತ್ತೆಸೆದಿದ್ದೆ.)

ಈ ಎರಡು ನರಗಳ ಮಹತ್ವ ಟ್ರೌಟ್ ಮೀನಿನಲ್ಲಿ ಸ್ಪಷ್ಟವಾಗುತ್ತದೆ: ನೀರಿನಲ್ಲಿ ಆಮ್ಲಜನಕ ಕುಸಿದಾಗ ಅದರ ಹೃದಯಬಡಿತ ನಿಧಾನವಾಗುತ್ತದೆ, ಆದರೆ ಮೊದಲ ಕಮಾನಿಗೆ ಹೋಗುವ ಈ ಎರಡೂ ನರಗಳನ್ನು ಕತ್ತರಿಸಿದರೆ ಆ ಪ್ರತಿಕ್ರಿಯೆ ಬಹುಮಟ್ಟಿಗೆ ಇಲ್ಲವಾಗುತ್ತದೆ. ಆಮ್ಲಜನಕದ ಕೊರತೆಯನ್ನು ಗುರುತಿಸುವುದು ಎಳೆಗಳಲ್ಲಿ ಅಡಗಿರುವ, ಸಿರೊಟೋನಿನ್ ಎಂಬ ಸಂದೇಶವಾಹಕ ರಾಸಾಯನಿಕ ತುಂಬಿದ ನರ-ಹೊರಪದರ ಕೋಶಗಳು ಎಂಬುದು ಈಗಿನ ತಿಳಿವಳಿಕೆ.