ಸಹಾಯ ಬೇಕು: ಕಲಿತ ಮಾರ್ಕೆಟಿಂಗ್ ಹುಡುಗರು ನಿಲ್ಲುತ್ತಿಲ್ಲ
ನಮಸ್ಕಾರ ರೀ. ಕಲಬುರಗಿಯಲ್ಲಿ ನಮ್ಮದು ತೊಗರಿಬೇಳೆ ಪ್ಯಾಕ್ ಮಾಡಿ ಮಾರುವ ಸಣ್ಣ ಕಂಪನಿ. 2019ರಲ್ಲಿ ಇಲ್ಲಿನ ಬೇಳೆಗೆ ಜಿಐ ಟ್ಯಾಗ್ (ಈ ಊರಿನದೇ ವಿಶೇಷ ಬೆಳೆ ಎಂಬ ಅಧಿಕೃತ ಗುರುತು) ಸಿಕ್ಕಿದೆ, ಹಾಗಾಗಿ ಪ್ರಚಾರಕ್ಕೆ ವಿಷಯ ಬೇಕಾದಷ್ಟಿದೆ. ಆದರೆ ಹುಡುಗರು ಅಂಗಡಿ ಸುತ್ತಿ, ಇನ್‌ಸ್ಟಾಗ್ರಾಂ ಜಾಹೀರಾತು ಕಲಿತು, ಕೈ ಪಳಗುವ ಹೊತ್ತಿಗೆ ಹೈದರಾಬಾದೋ ಬೆಂಗಳೂರೋ ಸೇರುತ್ತಾರೆ. ತಪ್ಪಲ್ಲ ಬಿಡಿ, ಅಲ್ಲಿನಷ್ಟು ಸಂಬಳ ನಮ್ಮಿಂದ ಆಗುವುದಿಲ್ಲ.

ಈಗ ಒಬ್ಬ ಹುಡುಗಿ ಇದ್ದಾಳೆ, ತುಂಬಾ ಚುರುಕು. ಅಂಗಡಿಯವರ ಜೊತೆ ಮಾತು, ವಿಡಿಯೊ ಎರಡೂ ಬರುತ್ತವೆ. ಟೀಮ್ ಲೀಡರ್ ಮಾಡಬೇಕೆಂದಿದ್ದೇನೆ. ಸುಮ್ನೆ ಹುದ್ದೆಯ ಹೆಸರು ಬದಲಾದರೆ ಯಾರು ನಿಲ್ಲುತ್ತಾರೆ, ಅಲ್ವಾ? ಜಾಹೀರಾತಿನ ಬಜೆಟ್ ಅವಳ ಕೈಗೇ ಕೊಡಲೇ? ಆನ್‌ಲೈನ್ ಮಾರಾಟದಲ್ಲಿ ಪಾಲು ಕೊಟ್ಟರೆ, ಅದು ಮಾರಾಟದ ಮೇಲೋ ಲಾಭದ ಮೇಲೋ? ಸಣ್ಣ ಊರಲ್ಲಿ ಟೀಮ್ ಕಟ್ಟಿದವರು ಹೇಳಿ. ಇಷ್ಟು ವರ್ಷ ಕೆಲಸ ಬಿಡುವಂತಿಲ್ಲ ಅಂತ ಬಾಂಡ್ ಬರೆಸಿಕೊಳ್ಳಿ ಎನ್ನುವ ಸಲಹೆ ಮಾತ್ರ ಬೇಡ.