ಅಸಮಾಧಾನಕ್ಕೆ ಯಾರಾದರೂ ಜೈಲಿಗೆ ಹಾಕ್ತಾರಾ?

ಪ್ರಶ್ನೆ (ಅಂಕೋಲಾದಿಂದ, ಪದವಿ ವಿದ್ಯಾರ್ಥಿನಿ):

ವಕೀಲರಿಗೆ ನಮಸ್ಕಾರ. ನನ್ನ ಮುತ್ತಜ್ಜ ಕರನಿರಾಕರಣೆ ಚಳವಳಿಯಲ್ಲಿ ಜೈಲಿಗೆ ಹೋಗಿದ್ದರು. ಅವರ ತೀರ್ಪಿನ ನಕಲು ನಮ್ಮ ಮನೆಯ ಹಳೇ ಟ್ರಂಕಿನಲ್ಲಿ ಸಿಕ್ಕಿದೆ. ಎರಡೇ ಪುಟ, ಇಂಗ್ಲಿಷ್‌ನಲ್ಲಿದೆ. ಊರವರ ಮುಂದೆ ಭಾಷಣ ಮಾಡಿ ಸರ್ಕಾರದ ಬಗ್ಗೆ 'ಡಿಸಫೆಕ್ಷನ್' ಹುಟ್ಟಿಸಿದರು ಎಂದು ಅದರಲ್ಲಿದೆ. ಕಾಲೇಜಿನ ಪ್ರದರ್ಶನಕ್ಕೆ ಅದನ್ನು ಕನ್ನಡಕ್ಕೆ ತರುತ್ತಿದ್ದೇನೆ. ನಿಘಂಟು ನೋಡಿ 'ಅಸಮಾಧಾನ' ಎಂದು ಬರೆದೆ. ಅಜ್ಜಿಗೆ ಓದಿ ಹೇಳಿದರೆ, "ಅಸಮಾಧಾನಕ್ಕೆ ಯಾರಾದರೂ ಜೈಲಿಗೆ ಹಾಕ್ತಾರಾ?" ಎಂದು ಕೇಳಿದರು. ನನ್ನ ಹತ್ತಿರ ಉತ್ತರ ಇರಲಿಲ್ಲ. ಸರಿಯಾದ ಪದ ಯಾವುದು ಸರ್?

ಉತ್ತರ (ಶಿರಸಿಯ ವಕೀಲರು):

ತಂಗಿ, ಅಜ್ಜಿ ಕೇಳಿದ್ದು ಸರಿಯಾಗಿಯೇ ಇದೆ. ಅಸಮಾಧಾನ ಇಲ್ಲಿ ಸಾಲದು.

ಒಂದು ಉದಾಹರಣೆ ಹೇಳುತ್ತೇನೆ. ನಮ್ಮ ಕಡೆ ಸಹಕಾರಿ ಸಂಘದ ವಾರ್ಷಿಕ ಸಭೆ ನೋಡಿರಬಹುದು. ಅಡಿಕೆಗೆ ದರ ಕಡಿಮೆ ಬಂತು, ತೂಕದಲ್ಲಿ ವ್ಯತ್ಯಾಸ ಆಯ್ತು ಎಂದು ಸದಸ್ಯರು ಎದ್ದು ನಿಂತು ಕೂಗುತ್ತಾರೆ. ಅದು ಅಸಮಾಧಾನ. ಕೂಗುವವನು ಸಂಘ ತನ್ನದೇ ಎಂದುಕೊಂಡೇ ಕೂಗುತ್ತಾನೆ. ಮರುದಿನ ಅದೇ ಸಂಘಕ್ಕೆ ಅಡಿಕೆ ಹಾಕುತ್ತಾನೆ. ಇನ್ನೊಬ್ಬ ಸಭೆಗೇ ಬರುವುದಿಲ್ಲ. ಮೂಟೆಯನ್ನು ಸುಮ್ನೆ ಹೊರಗಿನ ವ್ಯಾಪಾರಿಗೆ ಕೊಡುತ್ತಾನೆ. ಆ ಸಂಘ ನಮ್ಮದಲ್ಲ ಬಿಡಿ ಎಂದು ಪಕ್ಕದ ತೋಟದವನಿಗೂ ಹೇಳುತ್ತಾನೆ. ಅವನ ಮನಸ್ಸು ಮುರಿದಿದೆ. ಡಿಸಫೆಕ್ಷನ್ ಅಂದರೆ ಈ ಎರಡನೆಯದು. ಬೇಸರವೂ ಇದೆ, ಜೊತೆಗೆ ನಿಷ್ಠೆಯೂ ಹೋಗಿದೆ.

ಇನ್ನು ಜೈಲಿನ ವಿಷಯ. ಪದ ಒಡೆದು ನೋಡು. 'ಅಫೆಕ್ಷನ್' ಎಂದರೆ ಅಕ್ಕರೆ, ಪ್ರೀತಿ. ಅದು ಇಲ್ಲವಾಗುವುದು 'ಡಿಸಫೆಕ್ಷನ್'. ಪ್ರಜೆಗಳಿಗೆ ತನ್ನ ಮೇಲೆ ಪ್ರೀತಿ ಇರಲೇಬೇಕು ಎಂಬುದು ಬ್ರಿಟಿಷ್ ಸರ್ಕಾರದ ಹಟ. ಅದಕ್ಕೇ 1870ರಲ್ಲಿ ದಂಡ ಸಂಹಿತೆಗೆ 124ಎ ಕಲಮು ಸೇರಿಸಿದರು. ರಾಜದ್ರೋಹದ ಕಲಮು ಎಂದು ಹೆಸರಾದದ್ದು ಅದೇ. ಅದರ ಜೀವ ಇದ್ದದ್ದು ಈ ಒಂದು ಪದದಲ್ಲಿ.

1897ರಲ್ಲಿ ತಿಲಕರ ಮೇಲೆ ಇದೇ ಕಲಮಿನಲ್ಲಿ ಮೊಕದ್ದಮೆ ನಡೆಯಿತು. ಡಿಸಫೆಕ್ಷನ್ ಎಂದರೆ ಪ್ರೀತಿ ಇಲ್ಲದಿರುವುದು. ದ್ವೇಷ, ತಿರಸ್ಕಾರ, ಎಲ್ಲ ಬಗೆಯ ಕೆಟ್ಟ ಭಾವನೆಯೂ ಅದರಲ್ಲಿ ಬಂತು ಎಂದು ನ್ಯಾಯಮೂರ್ತಿ ಸ್ಟ್ರಾಚಿ ಜ್ಯೂರಿಗೆ ಹೇಳಿದರು. ದಂಗೆ ಎದ್ದಿತೋ ಇಲ್ಲವೋ ಎಂಬುದೂ ಮುಖ್ಯವಲ್ಲ ಎಂದರು. ಒಂಬತ್ತು ಜ್ಯೂರಿಗಳಲ್ಲಿ ಆರು ಯುರೋಪಿಯನ್ನರು ತಪ್ಪಿತಸ್ಥ ಎಂದರು, ಮೂವರು ಭಾರತೀಯರು ಅಲ್ಲ ಎಂದರು. ತಿಲಕರಿಗೆ 18 ತಿಂಗಳು ಶಿಕ್ಷೆಯಾಯಿತು. ಮರುವರ್ಷವೇ ಕಾನೂನು ತಿದ್ದಿ, ನಿಷ್ಠೆ ಇಲ್ಲದಿರುವುದು ಮತ್ತು ಎಲ್ಲ ವೈರಭಾವವೂ ಈ ಪದದೊಳಗೆ ಬರುತ್ತದೆ ಎಂದು ಬರೆದೇ ಬಿಟ್ಟರು.

ಆ ಮೊಕದ್ದಮೆ ನಡೆದದ್ದು ಮುಂಬೈ ಹೈಕೋರ್ಟ್‌ನಲ್ಲಿ. ನಮ್ಮ ಜಿಲ್ಲೆ 1862ರಿಂದ ಮುಂಬೈ ಪ್ರಾಂತ್ಯದಲ್ಲೇ ಇತ್ತು. ಹಾಗಾಗಿ ಅಲ್ಲಿ ಹೇಳಿದ ಅರ್ಥವೇ ಕಾರವಾರದ ಕೋರ್ಟಿಗೂ ದಾರಿ. 1930ರ ಏಪ್ರಿಲ್ 13ರಂದು ನಿಮ್ಮ ಅಂಕೋಲೆಯಲ್ಲಿ ಉಪ್ಪಿನ ಕಾನೂನು ಮುರಿದರಲ್ಲ, ಆಮೇಲೆ ಕರನಿರಾಕರಣೆ ಬಂತು. ಜನ ತೀರ್ವೆ ಕಟ್ಟಲಿಲ್ಲ. ಜಮೀನು ಜಪ್ತಿ ಆದರೂ ಬಗ್ಗಲಿಲ್ಲ. ಅದನ್ನು ಬರೀ ಅಸಮಾಧಾನ ಎನ್ನಲು ನನಗೆ ಮನಸ್ಸು ಬರುವುದಿಲ್ಲ. ಈ ಸರ್ಕಾರ ನಮ್ಮದಲ್ಲ ಎಂದು ತೀರ್ಮಾನ ಮಾಡಿಕೊಂಡವರು ಅವರು.

ಪ್ರಶ್ನೆ (ಅದೇ ವಿದ್ಯಾರ್ಥಿನಿ):

ಹಾಗಾದರೆ 'ದ್ರೋಹ' ಎಂದು ಬರೆಯಲಾ ಸರ್?

ಉತ್ತರ:

ಬೇಡ. ದ್ರೋಹ ಎಂದರೆ ನಂಬಿದವರಿಗೆ ಮೋಸ. ಅದೊಂದು ಕೃತ್ಯ. ಡಿಸಫೆಕ್ಷನ್ ಮನಸ್ಸಿನ ಸ್ಥಿತಿ. ನಿನ್ನ ಮುತ್ತಜ್ಜ ಯಾರಿಗೂ ಮೋಸ ಮಾಡಿದವರಲ್ಲ, ಎಲ್ಲರೆದುರು ನಿಂತು ಹೇಳಿದವರು.

ಈ ವ್ಯತ್ಯಾಸವನ್ನು ಗಾಂಧೀಜಿ ಚೆನ್ನಾಗಿ ಹಿಡಿದರು. 1922ರ ಮಾರ್ಚ್ 18ರಂದು ಅಹಮದಾಬಾದಿನ ಕೋರ್ಟಿನಲ್ಲಿ ಅವರು ತಪ್ಪು ಒಪ್ಪಿಕೊಂಡರು. ಪ್ರೀತಿಯನ್ನು ಕಾನೂನಿನಿಂದ ತಯಾರಿಸಲು ಬರುವುದಿಲ್ಲ ಎಂದರು. ಹಿಂಸೆಗೆ ಇಳಿಯದೆ, ಹಿಂಸೆಗೆ ಹಚ್ಚದೆ ಇರುವವರೆಗೆ ತನ್ನ ಅಪ್ರೀತಿಯನ್ನು ಪೂರ್ತಿ ಹೇಳಿಕೊಳ್ಳಲು ಮನುಷ್ಯನಿಗೆ ಬಿಡಬೇಕು ಎಂದರು. ಆದರೂ ಆರು ವರ್ಷ ಶಿಕ್ಷೆ ಆಯಿತು. ನಾನು ವಕೀಲಿ ಕಲಿಯುವಾಗ ಆ ಹೇಳಿಕೆಯನ್ನು ಎಷ್ಟು ಸಲ ಓದಿದ್ದೇನೋ ಲೆಕ್ಕವಿಲ್ಲ.

ಪ್ರತಿಕ್ರಿಯೆ (ಕುಮಟಾದಿಂದ, ನಿವೃತ್ತ ಕನ್ನಡ ಮಾಸ್ತರರು):

ವಕೀಲರೇ, ಮಧ್ಯೆ ಬಾಯಿ ಹಾಕುತ್ತಿದ್ದೇನೆ. ಇದಕ್ಕೆ ನಮ್ಮಲ್ಲಿ ಹಳೆಯ ಪದವೇ ಇದೆ. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ 'ವಿರಾಗ' ಎಂದು ಬರುತ್ತದೆ. ಬಡತನಕ್ಕೆ ಬಿದ್ದ ಪ್ರಜೆಗಳು ಆಸೆಬುರುಕರಾಗುತ್ತಾರೆ, ಆಸೆಬುರುಕರಾದವರು ವಿರಕ್ತರಾಗುತ್ತಾರೆ, ವಿರಕ್ತರಾದವರು ಶತ್ರುವಿನ ಕಡೆ ಹೋಗುತ್ತಾರೆ ಇಲ್ಲವೇ ಒಡೆಯನನ್ನೇ ಕೊಲ್ಲುತ್ತಾರೆ ಎನ್ನುತ್ತಾನೆ. ರಾಗ ಎಂದರೆ ಪ್ರೀತಿ, ಅದು ಹೋದರೆ ವಿರಾಗ. ಇಂಗ್ಲಿಷ್ ಪದದ ಕಟ್ಟೋಣವೂ ಅದೇ ಅಲ್ವಾ?

ಉತ್ತರ:

ಹೌದು ಮಾಸ್ತರರೇ, ತೂಕ ಸರಿಯಾಗಿ ಕೂರುತ್ತದೆ. ಕೌಟಿಲ್ಯ ತಪ್ಪನ್ನು ಆಳುವವನ ಕಡೆ ಹೊರಿಸುತ್ತಾನೆ ಎಂಬುದೂ ನನಗೆ ಇಷ್ಟ. ಜನರನ್ನು ಬಡವರಾಗಲು ಬಿಟ್ಟವನು ರಾಜ. 124ಎ ಮಾತ್ರ ಮಾತಾಡಿದವನನ್ನು ಹಿಡಿಯಿತು. ತೊಂದರೆ ಎಂದರೆ ಇಂದಿನ ಕನ್ನಡದಲ್ಲಿ ವಿರಕ್ತ ಎಂದರೆ ಮಠದ ಸ್ವಾಮಿಗಳು ನೆನಪಾಗುತ್ತಾರೆ. ಪ್ರದರ್ಶನಕ್ಕೆ ಬಂದ ಮಕ್ಕಳು, ಮುತ್ತಜ್ಜ ಊರವರಿಗೆಲ್ಲ ಸನ್ಯಾಸ ಕೊಡಿಸಿದರು ಎಂದುಕೊಂಡಾರು.

ಪ್ರಶ್ನೆ (ಕಾರವಾರದಿಂದ, ಪೊಲೀಸ್ ಕುಟುಂಬದವರು):

ಈ ಪದ ಈಗಲೂ ಕಾನೂನಿನಲ್ಲಿ ಇದೆಯಾ? ಡ್ಯೂಟಿ ಜಾಸ್ತಿ, ರಜೆ ಇಲ್ಲ ಎಂದು ಮನೆಯವರು ಹೇಳಿಕೊಂಡರೂ ಇದರಲ್ಲಿ ಬರುತ್ತದಾ?

ಉತ್ತರ:

124ಎ ಈಗ ಇಲ್ಲ. 1962ರಲ್ಲಿ ಕೇದಾರನಾಥ ಸಿಂಗ್ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ ಅದನ್ನು ಹಿಂಸೆ ಮತ್ತು ಸಾರ್ವಜನಿಕ ಗಲಭೆಗೆ ಪ್ರಚೋದಿಸುವ ಮಾತಿಗಷ್ಟೇ ಸೀಮಿತ ಮಾಡಿತು. 2022ರ ಮೇ 11ರಂದು ತಡೆದು ನಿಲ್ಲಿಸಿತು. 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆ ಬಂದಿದೆ. ಅದರ 152ನೇ ಕಲಮಿನಲ್ಲಿ ಪ್ರತ್ಯೇಕತೆ, ಸಶಸ್ತ್ರ ಬಂಡಾಯದಂಥ ಮಾತುಗಳಿವೆ, ಡಿಸಫೆಕ್ಷನ್ ಎಂಬ ಪದ ಇಲ್ಲ. ಆದರೆ ಪೊಲೀಸರಿಗೆ ಸಂಬಂಧಿಸಿದಂತೆ 1922ರ ಒಂದು ಕಾಯ್ದೆಯ ಹೆಸರಲ್ಲೇ ಈ ಪದ ಇದೆ. ಪೊಲೀಸರಲ್ಲಿ ಸರ್ಕಾರದ ಬಗ್ಗೆ ನಿಷ್ಠೆ ಕೆಡಿಸಿದರೆ, ಕೆಲಸ ನಿಲ್ಲಿಸುವಂತೆ ಅಥವಾ ಶಿಸ್ತು ಮುರಿಯುವಂತೆ ಹಚ್ಚಿದರೆ ಆರು ತಿಂಗಳವರೆಗೆ ಜೈಲು ಅಥವಾ 200 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ರಜೆ ಕೊಡಿ ಎಂದು ಕೇಳುವುದು ಅಸಮಾಧಾನ, ಅದು ಅಪರಾಧವಲ್ಲ. ಡ್ಯೂಟಿಗೆ ಹೋಗಬೇಡಿ ಎಂದು ನಾಲ್ಕು ಜನರಿಗೆ ಹೇಳಿದರೆ ಮಾತು ಬೇರೆ. ಗ್ರೂಪಿನಲ್ಲಿ ಬರೆಯುವಾಗ ಈ ಗೆರೆ ನೆನಪಿರಲಿ.

ಪ್ರಶ್ನೆ (ಅಂಕೋಲಾದ ವಿದ್ಯಾರ್ಥಿನಿ):

ಈಗ ಹೀಗೆ ಬರೆದಿದ್ದೇನೆ ಸರ್: "ಸರ್ಕಾರದ ಮೇಲಿನ ಜನರ ನಿಷ್ಠೆ ಮುರಿಯುವಂತೆ ಆರೋಪಿಯು ಭಾಷಣ ಮಾಡಿದನು." ಅಜ್ಜಿಗೆ ಓದಿದೆ. "ಹೌದು, ಅಪ್ಪಯ್ಯ ಮಾಡಿದ್ದು ಅದನ್ನೇ" ಎಂದರು.

ಉತ್ತರ:

ಹಾಗೇ ಇರಲಿ, ಒಂದಕ್ಷರ ಬದಲಿಸಬೇಡ. ಕೆಳಗೆ ಮೂಲ ಪದವನ್ನು ಕನ್ನಡ ಅಕ್ಷರದಲ್ಲಿ ಬರೆದು, ಎರಡು ಸಾಲಿನ ವಿವರಣೆ ಹಾಕು. ಇನ್ನೊಂದು ಮಾತು: ಆ ಹಳೇ ಕಾಗದಕ್ಕೆ ಲ್ಯಾಮಿನೇಷನ್ ಮಾಡಿಸಬೇಡ, ಬಿಸಿಗೆ ಕಾಗದ ಹಾಳಾಗುತ್ತದೆ, ಮತ್ತೆ ಬಿಡಿಸಲು ಬರುವುದಿಲ್ಲ. ಪ್ರದರ್ಶನಕ್ಕೆ ಜೆರಾಕ್ಸ್ ಇಡು. ಮೂಲವನ್ನು ಒಣಗಿದ ಬಿಳಿ ಹತ್ತಿ ಬಟ್ಟೆಯಲ್ಲಿ ಸುತ್ತಿ, ಗೋಡೆಗೆ ತಾಗದ ಕಪಾಟಿನಲ್ಲಿಡು. ಮಳೆಗಾಲ ಮುಗಿದ ಮೇಲೆ ಒಮ್ಮೆ ತೆಗೆದು ನೆರಳಲ್ಲಿ ಗಾಳಿಗೆ ಹಿಡಿ.